ಅಗ್ನಿಶಿಲೆ, ರೂಪಾಂತರ ಶಿಲೆಗಳು ಹುಟ್ಟಿದ ಬಗೆಯನ್ನು ಎಲ್ಲಿಂದ ಕಲಿಯಬೇಕು?

ಕಲ್ಲು ಹುಟ್ಟಿದ್ದನ್ನು ಯಾರೂ ಕಂಡಿಲ್ಲ, ಹಾಗಿರುವಾಗ ಅದು ಶಿಲಾರಸ (ಕರಗಿದ ಕಲ್ಲು) ತಣಿದು ಆದದ್ದೋ ಇದ್ದ ಕಲ್ಲೇ ಮಾರ್ಪಟ್ಟದ್ದೋ ಎಂದು ಹೇಗೆ ತಿಳಿಯುತ್ತದೆ, ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಭೂವಿಜ್ಞಾನದ ಮೊದಲ ವರ್ಷವೆಲ್ಲ ನಾನು ಕಲ್ಲುಗಳ ಹೆಸರನ್ನು ಬಾಯಿಪಾಠ ಮಾಡಿದೆ. ಕಲ್ಲನ್ನು ನೋಡಲು ಕಲಿತದ್ದು ರಾಮನಗರದ ಬಂಡೆಗಳ ಮುಂದೆ ನಿಂತ ಮೇಲೆ. ಆದ್ದರಿಂದ ಹೆಸರಿಗಿಂತ ಮೊದಲು ಹರಳುಗಳ ಗಾತ್ರವನ್ನೂ ಅವು ಒಂದಕ್ಕೊಂದು ಹೆಣೆದುಕೊಂಡಿರುವ ರೀತಿಯನ್ನೂ ಗಮನಿಸಿ ಎಂಬುದೇ ನನ್ನ ಸಲಹೆ.

ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲಾಗುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರಲ್ಲಿ ಬೆರಳಿನಗಲದ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಶಿಲಾರಸವು ನೆಲದಾಳದಲ್ಲಿ ಬಹುಕಾಲ ನಿಧಾನವಾಗಿ ತಣಿದರೆ ಮಾತ್ರ ಹರಳು ಅಷ್ಟು ಬೆಳೆಯಲು ಸಾಧ್ಯ. ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳು ಬೇಗ ತಣಿದವಾದ್ದರಿಂದ ಅವುಗಳ ಕಣಗಳು ಬಹಳ ನಯ. ಕೆಲವೆಡೆ ರಾಮನಗರದ ಗ್ರಾನೈಟಿನೊಳಗೆ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಯ ತುಂಡುಗಳು ಸಿಕ್ಕಿಕೊಂಡಿರುತ್ತವೆ. ಒಳಗೆ ಸಿಕ್ಕಿಕೊಂಡದ್ದು ಹಳೆಯದು, ಸುತ್ತುವರಿದದ್ದು ಹೊಸದು.

ರೂಪಾಂತರವನ್ನು ಅರಿಯಲು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಅಲ್ಲಿನ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸ್‌ನ ಪಟ್ಟೆಗಳು ಸಾಗುತ್ತ ಬಂದು, ಎಣ್ಣೆ ಹಚ್ಚಿದಂತೆ ಕಾಣುವ ಹಸಿರುಗಪ್ಪು ಕಲೆಯೊಂದರ ಅಂಚಿನಲ್ಲಿ ಮಸುಕಾಗಿ, ಒಳಗೆ ಹೋದಂತೆ ಅಳಿಸಿಹೋಗುತ್ತವೆ. ಆ ಕಪ್ಪು ಭಾಗವೇ ಚಾರ್ನೊಕೈಟ್ ಎಂಬ ಶಿಲೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದ ದ್ರವವು ಬಿರುಕುಗಳ ಗುಂಟ ನುಗ್ಗಿ ನೀರಿನ ಪ್ರಮಾಣವನ್ನು ತಗ್ಗಿಸಿದಾಗ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ನೀರಿನಂಶವುಳ್ಳ ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜಗಳು ಒಡೆದು ನೀರಿಲ್ಲದ ಹೈಪರ್‌ಸ್ತೀನ್ ಎಂಬ ಖನಿಜ ಹುಟ್ಟಿತು ಎಂಬುದು ಇದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ. ಕಲ್ಲು ಕರಗಿ ಹೊಸದಾಗಿ ಎರಕಗೊಂಡದ್ದಲ್ಲ, ಬಹುಪಾಲು ಗಟ್ಟಿಯಾಗಿದ್ದಂತೆಯೇ ಮಾರ್ಪಟ್ಟದ್ದು. ನಮ್ಮವರೇ ಆದ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಈ ಜಾಗವನ್ನು ಜಗತ್ತಿನ ಗಮನಕ್ಕೆ ತಂದರು. ಬದಲಾವಣೆ ಅರ್ಧಕ್ಕೇ ನಿಂತಿರುವುದರಿಂದ ಮೊದಲಿನ ಕಲ್ಲನ್ನೂ ಆಮೇಲಿನ ಕಲ್ಲನ್ನೂ ಒಂದೇ ಅಂಗೈಯಲ್ಲಿ ಹಿಡಿಯಬಹುದು.

ಖನಿಜಗಳನ್ನು ಖಚಿತವಾಗಿ ಗುರುತಿಸಲು ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದಕ್ಕೆ ಕಾಲೇಜಿನ ಪ್ರಯೋಗಾಲಯ ಬೇಕು. ಅಲ್ಲಿಯವರೆಗೆ ಹತ್ತು ಪಟ್ಟಿನ ಮಸೂರವೊಂದು ಸಾಕು. ಬೆಂಗಳೂರಿನಲ್ಲಿದ್ದರೆ ಲಾಲ್‌ಬಾಗ್ ಬಂಡೆಯಿಂದಲೇ ಆರಂಭಿಸಿ. ಅದು ಸುಮಾರು 300 ಕೋಟಿ ವರ್ಷದ ನೈಸ್, ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಪಟ್ಟೆಗಳು ಎದ್ದು ಕಾಣುತ್ತವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿಗೆ ಸುತ್ತಿಗೆ ಮಾತ್ರ ಒಯ್ಯಬೇಡಿ.