ಗಾಲಿ ಚಿಕ್ಕದಿದ್ದರೆ ದಪ್ಪ ವಾಯರ್ ಬಾಳುವುದಿಲ್ಲ

ಪ್ರಶ್ನೆ: ನಮ್ಮ ಟ್ರಾಲ್ ಬೋಟಿನ 12 ಮಿ.ಮೀ. ವಾಯರ್ ರೋಪ್ ಬಲೆ ಎಳೆಯುವಾಗ ತುಂಡಾಯಿತು. ಬಲೆಯಲ್ಲಿ ಅಂಥ ಭಾರವೇನೂ ಇರಲಿಲ್ಲ, ವಾಯರ್ ಕೂಡ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಈ ಸಲ 16 ಮಿ.ಮೀ.ನದು ಹಾಕಿಸಬೇಕೆಂದಿದ್ದೇವೆ. ಸರಿಯೇ?
– ಬೋಟ್ ಮಾಲೀಕರೊಬ್ಬರು, ಬೈತಖೋಲ, ಕಾರವಾರ

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ತುಂಡಾದ ತುದಿ ಇನ್ನೂ ಇದ್ದರೆ ಬಿಸಿಲಿಗೆ ಹಿಡಿದು ತಂತಿಗಳನ್ನು ಒಂದೊಂದಾಗಿ ನೋಡಿ. ಭಾರ ತಾಳದೆ ಹರಿದ ತಂತಿಯ ತುದಿ ಜಗ್ಗಿ ಸಪೂರವಾಗಿರುತ್ತದೆ. ಮತ್ತೆ ಮತ್ತೆ ಬಾಗಿ ದಣಿದು ಮುರಿದ ತಂತಿ ಸಪೂರವಾಗದೆ, ಅಡ್ಡ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ. ನಿಮಗೆ ಎರಡನೆಯ ಬಗೆಯವೇ ಹೆಚ್ಚು ಸಿಗುತ್ತವೆಂದು ನನ್ನ ಅಂದಾಜು.

ವಾಯರ್ ರಾಟೆಯ ಗಾಲಿಯ ಮೇಲೆ ಹಾಯುವಾಗ ಬಾಗುತ್ತದೆ, ದಾಟಿದೊಡನೆ ನೆಟ್ಟಗಾಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ತಂತಿಯಲ್ಲಿ ಸಣ್ಣ ಬಿರುಕು ಹುಟ್ಟಿ ದಿನೇದಿನೇ ಬೆಳೆಯುತ್ತದೆ. ಉಪ್ಪುನೀರಿನ ತುಕ್ಕು ಕೊರೆದ ಗುಳಿಗಳಲ್ಲಿ ಅದು ಇನ್ನೂ ಬೇಗ ಶುರುವಾಗುತ್ತದೆ. ತಂತಿಗಳನ್ನು ಹೊಸೆದು ಮಾಡಿದ ಎಳೆಗಳು ಒಂದಕ್ಕೊಂದು ಉಜ್ಜುವ ಒಳಭಾಗದಲ್ಲಿ ಮುರಿದದ್ದು ಹೊರಗಿನಿಂದ ಕಾಣುವುದಿಲ್ಲ. ಜರ್ಮನಿಯ ಹಾರ್ಜ್ ಗಣಿಗಳಲ್ಲಿ 1834ರಲ್ಲಿ ಕಬ್ಬಿಣದ ತಂತಿಯ ಹಗ್ಗವನ್ನು ಬಳಕೆಗೆ ತಂದ ವಿಲ್ಹೆಲ್ಮ್ ಆಲ್ಬರ್ಟ್, ಅದಕ್ಕೂ ಮೊದಲೇ ಗಣಿಯ ಸರಪಳಿಗಳನ್ನು ಮತ್ತೆ ಮತ್ತೆ ಎಳೆದು ಈ ದಣಿವನ್ನೇ ಪರೀಕ್ಷಿಸಿದ್ದರು.

ಗಾಲಿಯ ವ್ಯಾಸ ವಾಯರಿನ ದಪ್ಪದ 18ರಿಂದ 20 ಪಟ್ಟಾದರೂ ಇರಬೇಕು. ನಿಮ್ಮ ಗಾಲಿ 240 ಮಿ.ಮೀ. ಎಂದುಕೊಳ್ಳಿ. 12ರ ವಾಯರಿಗೆ ಅದು 20 ಪಟ್ಟು, 16ರದಕ್ಕೆ ಬರೀ 15 ಪಟ್ಟು. ದಪ್ಪ ವಾಯರ್ ಹೆಚ್ಚು ಭಾರ ತಾಳುತ್ತದೆ, ನಿಜ. ಆದರೆ ಅದೇ ಗಾಲಿಯಲ್ಲಿ ಹೆಚ್ಚು ಬಿಗಿಯಾಗಿ ಬಾಗಿ ಬೇಗ ದಣಿಯುತ್ತದೆ. ಮೇಲಾಗಿ 12ಕ್ಕೆ ಕೊರೆದ ಕಚ್ಚಿನಲ್ಲಿ ಅದು ಸರಿಯಾಗಿ ಕೂರದೆ ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಗಾಲಿ ಬದಲಿಸದೆ 16 ಹಾಕುವುದು ಹಣ ನೀರಿಗೆ ಹಾಕಿದಂತೆ. ಸಣ್ಣ ತಂತಿಗಳ 6×36 ವಾಯರ್ (ಅಂದರೆ 6 ಎಳೆ, ಎಳೆಗೆ 36 ತಂತಿ) ಚೆನ್ನಾಗಿ ಬಾಗುತ್ತದೆ, ಆದರೆ ಸಮುದ್ರತಳಕ್ಕೆ ಉಜ್ಜಿದರೆ ಬೇಗ ಸವೆಯುತ್ತದೆ. ನಿಮಗೆ ಸತು ಲೇಪಿಸಿದ 6×19 ಸಾಕು.

ಜೂನ್ 1ರಿಂದ ಜುಲೈ 31ರ ನಿಷೇಧದ ಅವಧಿಯಲ್ಲಿ ವಾಯರನ್ನು ಉಪ್ಪಿನ ಸಮೇತ ಡ್ರಮ್ಮಿನಲ್ಲೇ ಬಿಡಬೇಡಿ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗಿನ ತಿರುಳಿಗೆ ಇಳಿಯುವಂಥ ತೆಳು ಎಣ್ಣೆ ಹಾಕಿ. ಒದ್ದೆ ವಾಯರಿಗೆ ದಪ್ಪ ಗ್ರೀಸ್ ಮೆತ್ತಿದರೆ ಉಪ್ಪು ಒಳಗೇ ಉಳಿಯುತ್ತದೆ.

ಒಂದು ಎಳೆ ವಾಯರಿನ ಸುತ್ತ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ, 12 ಮಿ.ಮೀ.ಗೆ ಸುಮಾರು 75 ಮಿ.ಮೀ. ಉದ್ದದಲ್ಲಿ, 6 ತಂತಿ ಮುರಿದಿದ್ದರೆ ಅಥವಾ ಒಂದೇ ಎಳೆಯಲ್ಲಿ 3 ಮುರಿದಿದ್ದರೆ ಕ್ರೇನುಗಳಲ್ಲಿ ಆ ವಾಯರನ್ನು ತೆಗೆದುಹಾಕುತ್ತಾರೆ. ಬೋಟಿನಲ್ಲೂ ಅದನ್ನೇ ಪಾಲಿಸಿ. ಎಳೆಗಳ ನಡುವಿನ ಸಂದಿಯಲ್ಲಿ ಒಂದು ಮುರಿದ ತಂತಿ ಕಂಡರೂ ಒಳಗೆ ಇನ್ನಷ್ಟು ಮುರಿದಿವೆ ಎಂದೇ ತಿಳಿಯಿರಿ. ಹುಡುಕುವಾಗ ಬಟ್ಟೆ ಹಿಡಿದು ಸವರಿ, ಬರಿಗೈ ಬೇಡ. ಹಾಗೆಯೇ ವಿಂಚ್ (ವಾಯರ್ ಸುತ್ತುವ ಯಂತ್ರ) ಎಳೆಯುವಾಗ ವಾಯರಿನ ನೇರಕ್ಕೆ ಹುಡುಗರನ್ನು ನಿಲ್ಲಿಸಬೇಡಿ.