ಬಿಲ್ಲಿಗೆ ಕೊಡುವ ಹಣ, ಮನೆಗೆ ಕೊಡುವ ಹಣ

ಓದುಗರ ಪತ್ರ: ಬಡವರ ಮನೆಗೆ ಇನ್ಸುಲೇಶನ್ (ಒಳಗಿನ ಕಾವು ಹೊರಹೋಗದಂತೆ ತಡೆಯುವ ಹೊದಿಕೆ) ಹಾಕಿಸುವ, ಹಳೆಯ ಹೀಟರ್, ಫ್ರಿಜ್ ಬದಲಿಸಿಕೊಡುವ ಸಮುದಾಯ ಯೋಜನೆಗಳನ್ನು ನೀವು ಬಾಯ್ತುಂಬ ಹೊಗಳಿದ್ದೀರಿ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ. ಕಡಿಮೆ ಬಡ್ಡಿಗೆ ಸಾಲ ಕೊಟ್ಟರೆ ಸಾಲದೇ? ತೀರಾ ಕಷ್ಟದಲ್ಲಿರುವವರ ಬಿಲ್ಲಿಗೆ ನೆರವಾದರೆ ಮುಗಿಯಿತಲ್ಲ? ಅವರಿವರ ಮನೆ ರಿಪೇರಿ ತೆರಿಗೆದಾರರ ಕೆಲಸವೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟೂ ಇದೆ, ಲೆಕ್ಕವೂ ಇದೆ. ಲೆಕ್ಕ ಕೇಳುವ ಓದುಗರೆಂದರೆ ನನಗೆ ಗೌರವ. ಆದರೆ ನೀವು ಲೆಕ್ಕದ ಅರ್ಧ ಪುಟ ಮಾತ್ರ ಓದಿದ್ದೀರಿ. ಉಳಿದರ್ಧವನ್ನು ನಿಮ್ಮ ಮುಂದಿಡುತ್ತೇನೆ.

ಬಿಲ್ಲಿನ ನೆರವು ಬೇಡವೆಂದು ನಾನು ಹೇಳುವುದಿಲ್ಲ. ಕೊರೆಯುವ ಚಳಿಯಲ್ಲಿ ಸಂಪರ್ಕ ಕಡಿಯುವ ನೋಟಿಸು ಬಂದ ಮನೆಗೆ ಆ ದಿನ ಬೇಕಾಗಿರುವುದು ದುಡ್ಡೇ. ಆದರೆ ಗೋಡೆ, ಸೂರು, ಕಿಟಕಿಯ ಸಂದಿಗಳಿಂದ ಕಾವು ಸೋರಿಹೋಗುವ ಮನೆಯ ಬಿಲ್ಲನ್ನು ವರ್ಷ ವರ್ಷ ಕಟ್ಟುತ್ತ ಹೋಗುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಮುಂದಿನ ಚಳಿಗಾಲಕ್ಕೆ ಅದೇ ಮನೆ, ಅದೇ ನೋಟಿಸು, ಅದೇ ಅರ್ಜಿ. ಬ್ರಿಟನ್ನಿನ ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ 1991ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಇಂಧನದ ಬಡತನಕ್ಕೆ, ಅಂದರೆ ಮನೆ ಬೆಚ್ಚಗಿಡುವಷ್ಟು ಇಂಧನ ಕೊಳ್ಳಲಾಗದ ಸ್ಥಿತಿಗೆ, ಕಡಿಮೆ ಆದಾಯವೊಂದೇ ಕಾರಣವಲ್ಲ, ಶಾಖ ಹಿಡಿದಿಡಲಾರದ ಮನೆಯೂ ಕಾರಣ. ಮನೆ ಸರಿಮಾಡದೆ ಈ ಬಡತನ ನೀಗುವುದಿಲ್ಲ ಎಂಬುದು ಅವರ ವಾದ. ಇಷ್ಟು ವರ್ಷವಾದರೂ ಸರ್ಕಾರಗಳಿಗೆ ಬಿಲ್ ಕಟ್ಟುವುದೇ ಸುಲಭವಾಗಿ ಕಾಣುತ್ತದೆ. ಬಿಲ್ಲಿನ ಮೇಲೆ ಕಡಿತದ ಮೊತ್ತ ಅಚ್ಚಾಗಿರುತ್ತದೆ, ಓಟು ಹಾಕುವವರ ಕಣ್ಣಿಗೆ ಬೀಳುತ್ತದೆ. ಅಟ್ಟದ ಮೇಲೆ ಹರಡಿದ ಇನ್ಸುಲೇಶನ್ ಯಾರ ಕಣ್ಣಿಗೆ ಬೀಳಬೇಕು?

ಇನ್ನು ಸಾಲದ ಮಾತು. ಇದನ್ನು ಬ್ರಿಟನ್ ಮಾಡಿಯೇ ನೋಡಿತು. 2013ರಲ್ಲಿ ‘ಗ್ರೀನ್ ಡೀಲ್’ ಎಂಬ ಯೋಜನೆ ಬಂತು. ಮೊದಲು ಕೆಲಸ ಮಾಡಿಸಿಕೊಳ್ಳಿ, ಆಮೇಲೆ ಕರೆಂಟ್ ಬಿಲ್ಲಿನ ಜೊತೆಗೇ ಕಂತು ಕಟ್ಟಿ ಎಂಬುದು ಅದರ ಏರ್ಪಾಡು. ಕೇಳಲು ಚೆನ್ನಾಗಿಯೇ ಇತ್ತು. ಲಕ್ಷಗಟ್ಟಲೆ ಮನೆಗಳವರು ಮುಂದೆ ಬರುತ್ತಾರೆಂದು ಕಾದರು. ಸಾಲ ತೆಗೆದುಕೊಂಡ ಮನೆಗಳು ಸುಮಾರು 14,000. 2015ರಲ್ಲಿ ಸರ್ಕಾರ ಅದಕ್ಕೆ ಹಣ ಕೊಡುವುದನ್ನೇ ನಿಲ್ಲಿಸಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಹಾಕಿದಾಗ ಒಂದೊಂದು ಸಾಲಕ್ಕೂ ತೆರಿಗೆದಾರರಿಗೆ ಬಿದ್ದ ಖರ್ಚು ಸುಮಾರು 17,000 ಪೌಂಡ್. ಪುಕ್ಕಟೆ ಕೊಡಬಾರದೆಂಬ ಹಟಕ್ಕೆ ತೆತ್ತ ಬೆಲೆ ಇದು. ತಿಂಗಳ ಕೊನೆಯ ವಾರ ಹೇಗೆ ಕಳೆಯುವುದೆಂದು ಯೋಚಿಸುವ ಮನೆಯಾಕೆ ಮುಂದೆಂದೋ ಆಗಬಹುದಾದ ಉಳಿತಾಯವನ್ನು ನಂಬಿ ಇವತ್ತೇ ಸಾಲಕ್ಕೆ ಸಹಿ ಹಾಕುವುದಿಲ್ಲ. ಅದು ಅಜ್ಞಾನವಲ್ಲ, ಅನುಭವ. ಮೊದಲು ನೀವು ಖರ್ಚು ಮಾಡಿ, ರಸೀದಿ ತನ್ನಿ, ಆಮೇಲೆ ಸಬ್ಸಿಡಿ ಕೊಡುತ್ತೇವೆ ಎನ್ನುವ ಯೋಜನೆಗಳದ್ದೂ ಇದೇ ಕತೆ. ಖರ್ಚು ಮಾಡುವ ಶಕ್ತಿ ಉಳ್ಳವನಿಗೇ ಅವು ತಲುಪುತ್ತವೆ. ಆದರೆ ಹೆಸರು ಮಾತ್ರ ಬಡವರದ್ದು.

ನಿಮ್ಮ ಪಕ್ಷಕ್ಕೆ ಬಲವಾದ ಸಾಕ್ಷಿ ಒಂದಿದೆ, ನೀವು ಅದನ್ನು ಎತ್ತಲಿಲ್ಲ, ನಾನೇ ಎತ್ತುತ್ತೇನೆ. 1973ರ ತೈಲ ಬಿಕ್ಕಟ್ಟಿನ ಬಳಿಕ, 1976ರಲ್ಲಿ, ಅಮೆರಿಕ ಬಡವರ ಮನೆಗಳಿಗಾಗಿ ‘ವೆದರೈಸೇಶನ್’ ಯೋಜನೆ ತಂದಿತು. ಆರಂಭದಲ್ಲಿ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು, ಸಂದಿ ಮುಚ್ಚುವುದು, ಇಷ್ಟೇ ಕೆಲಸ. ಮುಂದೆ ಅದು ಲಕ್ಷಾಂತರ ಮನೆಗಳನ್ನು ಮುಟ್ಟಿತು. ಮಿಷಿಗನ್ ರಾಜ್ಯದಲ್ಲಿ ಅರ್ಥಶಾಸ್ತ್ರಜ್ಞರಾದ ಮೆರೆಡಿತ್ ಫೌಲಿ, ಮೈಕೆಲ್ ಗ್ರೀನ್‌ಸ್ಟೋನ್ ಮತ್ತು ಕ್ಯಾಥರೀನ್ ವೋಲ್ಫ್ರಾಮ್ ಈ ಯೋಜನೆಯನ್ನು ಒರೆಗೆ ಹಚ್ಚಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೂಡಿದ ಹಣ ಉಳಿತಾಯವಾದ ಇಂಧನದ ಬೆಲೆಯ ಸುಮಾರು ಎರಡು ಪಟ್ಟು. ನಿಜವಾದ ಉಳಿತಾಯ ಎಂಜಿನಿಯರುಗಳ ಅಂದಾಜಿನ ಮೂರನೇ ಒಂದು ಪಾಲೂ ಇರಲಿಲ್ಲ. ಈ ಅಂಕಿಗಳನ್ನು ಎದುರಾಳಿಗಳು ಎಲ್ಲ ವೇದಿಕೆಯಲ್ಲೂ ಓದುತ್ತಾರೆ. ಓದಲಿ, ಅಂದಾಜು ಉಬ್ಬಿಸಿದವರಿಗೆ ಅದು ಬೇಕಾದ ಪಾಠವೇ.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಅವರು ಓದುವುದಿಲ್ಲ. ಒಂದು ಪೈಸೆ ಕೈಯಿಂದ ಹಾಕಬೇಕಿಲ್ಲ, ಸರಾಸರಿ 5,000 ಡಾಲರಿನ ಕೆಲಸ ಆಗುತ್ತದೆ ಎಂದು ಅಧ್ಯಯನ ತಂಡದವರು ಸಾವಿರಾರು ಮನೆಗಳ ಬಾಗಿಲು ತಟ್ಟಿದರು, ಫೋನಿನ ಮೇಲೆ ಫೋನು ಮಾಡಿದರು, ಅರ್ಜಿ ತುಂಬಲು ಕೂತು ನೆರವಾದರು. ಹೀಗೆ ಬೆನ್ನು ಬಿದ್ದ ಕುಟುಂಬಗಳಲ್ಲೂ ಕೊನೆಗೆ ಕೆಲಸ ಮಾಡಿಸಿಕೊಂಡವರು ನೂರಕ್ಕೆ ಆರು ಮಂದಿಯೂ ಇಲ್ಲ! ಪುಕ್ಕಟೆ ಎಂದರೆ ಜನ ಮುಗಿಬೀಳುತ್ತಾರೆ ಎಂದು ನಂಬಿರುವ ನೀವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇಂಥ ಯೋಜನೆಯೊಂದರಲ್ಲಿ ದುಡಿದ ನನ್ನ ಸ್ನೇಹಿತರೊಬ್ಬರು ಹೇಳಿದ ಮಾತು: ಒಬ್ಬ ಅಜ್ಜಿ ಬಾಗಿಲನ್ನು ಅರ್ಧ ಮಾತ್ರ ತೆರೆದು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೆ ಸಹಿ ಹಾಕಿದರೆ ಮನೆ ಯಾರ ಹೆಸರಿಗೆ ಹೋಗುತ್ತದೆ?’ ಎಂದು ಕೇಳಿದರಂತೆ. ಮುಂದಿನ ವಾರ ಅದೇ ಬೀದಿಯಲ್ಲಿ ಕೆಲಸ ಮಾಡಿಸಿಕೊಂಡಿದ್ದ ಹೆಂಗಸೊಬ್ಬಳನ್ನು ಜೊತೆಗೆ ಕರೆದೊಯ್ದರು. ಇಬ್ಬರೂ ಒಳಗೆ ಕೂತು ಮಾತಾಡಿದರು. ಸಹಿ ಬಿತ್ತು.

ನಾನು ಸಮುದಾಯ ಸಮುದಾಯ ಎಂದು ಬಡಿದುಕೊಳ್ಳುವುದು ಇದಕ್ಕೇ. ಜರ್ಮನಿಯಲ್ಲಿ ಕಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾ ಸಂಸ್ಥೆ ಮತ್ತು ಇಂಧನ ಸಲಹಾ ಸಂಸ್ಥೆಗಳು ಕೂಡಿ 2008ರಿಂದ ನಡೆಸುತ್ತಿರುವ ವಿದ್ಯುತ್ ಉಳಿತಾಯ ತಪಾಸಣೆಯಲ್ಲಿ ಮನೆಗೆ ಬರುವವರು ಬಹುಕಾಲ ಕೆಲಸವಿಲ್ಲದೆ ಕೂತಿದ್ದು, ತರಬೇತಿ ಪಡೆದವರು. ಬಿಲ್ ಕಂಡರೆ ಹೊಟ್ಟೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತು. ಮೀಟರ್ ಹಿಡಿದು ಫ್ರಿಜ್ ಎಷ್ಟು ಎಳೆಯುತ್ತಿದೆ ನೋಡುತ್ತಾರೆ, ಎಲ್‌ಇಡಿ ಬಲ್ಬು, ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡು ತಾವೇ ತಂದು ಹಾಕಿಕೊಡುತ್ತಾರೆ. ಎದುರಿಗೆ ಅಧಿಕಾರಿ ಕೂತಿಲ್ಲ ಎಂಬುದೇ ದೊಡ್ಡ ಸಮಾಧಾನ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ಎಲ್ಲ ದೇಶದ ಕಚೇರಿಗಳಿಗೂ ಸಲ್ಲುವ ಮಾತು. ಒಂದು ಕಚೇರಿಗೆ ಬಡತನ ಸಾಬೀತು ಮಾಡಿದವನು ಇನ್ನೊಂದು ಕಚೇರಿಗೆ ಅದನ್ನೇ ಮತ್ತೆ ಯಾಕೆ ಸಾಬೀತು ಮಾಡಬೇಕು? ನನಗೆ ಇದಕ್ಕೆ ಉತ್ತರ ಕೊಟ್ಟವರು ಈವರೆಗೆ ಯಾರೂ ಇಲ್ಲ.

ಮಿಷಿಗನ್ನಿನ ಲೆಕ್ಕದಲ್ಲಿ ಮಕ್ಕಳ ಉಸಿರಿಗೆ ಜಾಗವಿರಲಿಲ್ಲ. ಅದಕ್ಕೆ ನ್ಯೂಜಿಲೆಂಡಿಗೆ ಬನ್ನಿ. ಅಲ್ಲಿನ ಆರೋಗ್ಯ ಸಂಶೋಧಕಿ ಫಿಲಿಪ್ಪಾ ಹೌಡೆನ್-ಚಾಪ್‌ಮನ್ ತಂಡ ಕಡಿಮೆ ಆದಾಯದ ಏಳು ಸಮುದಾಯಗಳಲ್ಲಿ, ಮನೆಗೊಬ್ಬರಾದರೂ ಉಸಿರಾಟದ ತೊಂದರೆಯವರಿದ್ದ 1,350 ಮನೆಗಳನ್ನು ಆರಿಸಿತು. ಅರ್ಧ ಮನೆಗಳಿಗೆ ಮೊದಲು ಇನ್ಸುಲೇಶನ್, ಉಳಿದರ್ಧಕ್ಕೆ ಅಧ್ಯಯನ ಮುಗಿದ ಮೇಲೆ. 2007ರಲ್ಲಿ ಬಂದ ಫಲಿತಾಂಶ ನೋಡಿ: ಮನೆಯೊಳಗಿನ ಬಿಸಿ ಏರಿದ್ದು ಸುಮಾರು ಅರ್ಧ ಡಿಗ್ರಿ. ಆದರೆ ಗೊರಗೊರ ಉಬ್ಬಸ ಕಡಿಮೆಯಾಯಿತು, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸ ತಪ್ಪಿಸುವುದು ಕಡಿಮೆಯಾಯಿತು, ಇಂಧನವೂ ಉಳಿಯಿತು. 2009ರಲ್ಲಿ ಸರ್ಕಾರ ದೇಶದಾದ್ಯಂತ ಯೋಜನೆ ತಂದಿತು. ಮುಂದೆ ಲೆಕ್ಕ ಹಾಕಿದಾಗ ಹಾಕಿದ ಒಂದು ಡಾಲರಿಗೆ ಸುಮಾರು ನಾಲ್ಕರಷ್ಟು ಲಾಭ, ಅದರಲ್ಲಿ ಬಹುಪಾಲು ಆರೋಗ್ಯದ್ದು. ತೆರಿಗೆದಾರರ ಕೆಲಸವೇ ಎಂದಿರಲ್ಲ, ಆಸ್ಪತ್ರೆಯ ಹಾಸಿಗೆಗೆ ಹಣ ಕಟ್ಟುವವರೂ ತೆರಿಗೆದಾರರೇ.

ಬಾಡಿಗೆದಾರರ ವಿಷಯ ನಿಮ್ಮ ಪತ್ರದಲ್ಲಿ ಬರಲೇ ಇಲ್ಲ. ಮನೆ ಮಾಲೀಕನದ್ದು, ಬಿಲ್ ಬಾಡಿಗೆದಾರನದ್ದು. ಹಣ ಹಾಕಬೇಕಾದವನಿಗೆ ಲಾಭವಿಲ್ಲ, ಲಾಭ ಬೇಕಾದವನಿಗೆ ಗೋಡೆ ಮುಟ್ಟುವ ಹಕ್ಕಿಲ್ಲ. ಇಲ್ಲಿ ಸಾಲವೂ ನಡೆಯದು, ಉಪದೇಶವೂ ನಡೆಯದು, ಕಾನೂನೇ ಬೇಕು. ನ್ಯೂಜಿಲೆಂಡ್ 2019ರ ಜುಲೈ 1ರಿಂದ ಬಾಡಿಗೆ ಮನೆಗಳ ಚಾವಣಿಗೂ ನೆಲದಡಿಗೂ ಇನ್ಸುಲೇಶನ್ ಕಡ್ಡಾಯ ಮಾಡಿತು.

ನನಗೆ ನಿದ್ದೆಗೆಡಿಸುವ ಸಂಗತಿ ಇನ್ನೊಂದಿದೆ. ಈ ಯೋಜನೆಗಳ ತಪಾಸಣೆಗೆ ಬರುವವರು ಮುಂಬಾಗಿಲಿಗೆ ದೊಡ್ಡ ಫ್ಯಾನು ಬಿಗಿದು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಆಗ ಸ್ವಿಚ್ ಬೋರ್ಡಿನ ಸುತ್ತ, ಅಟ್ಟದ ಮುಚ್ಚಳದ ಅಂಚಿಗೆ, ಪೈಪು ಗೋಡೆ ಹೊಕ್ಕ ಜಾಗದಲ್ಲಿ ಕೈ ಇಟ್ಟರೆ ಹೊರಗಿನ ತಣ್ಣನೆ ಗಾಳಿ ನುಗ್ಗುವುದು ತಿಳಿಯುತ್ತದೆ. ಅಷ್ಟೆಲ್ಲ ಅಳೆದ ಮೇಲೂ, ಸೂರು ಸೋರುತ್ತಿದ್ದರೆ, ಗೋಡೆಗೆ ಬೂಷ್ಟು ಹಿಡಿದಿದ್ದರೆ, ವೈರಿಂಗ್ ಹಳೆಯದಾಗಿದ್ದರೆ ಆ ಮನೆಯನ್ನು ಮುಂದೂಡಿದ ಪಟ್ಟಿಗೆ ಸೇರಿಸಿ ಹೊರಡುತ್ತಾರೆ. ಒದ್ದೆ ಸೂರಿನಡಿ ಇನ್ಸುಲೇಶನ್ ಹಾಕಬಾರದು, ನಿಯಮ ಸರಿಯೇ. ಆದರೆ ಸೂರು ರಿಪೇರಿಗೆ ಹಣ ಈ ಯೋಜನೆಯಲ್ಲಿಲ್ಲ, ಇದ್ದರೂ ಸಾಲದು. ಎಲ್ಲಕ್ಕಿಂತ ಕೆಟ್ಟ ಮನೆಗೆ ಎಲ್ಲಕ್ಕಿಂತ ಕೊನೆಯ ಸರದಿ! ಅಮೆರಿಕ ಇತ್ತೀಚಿನ ವರ್ಷಗಳಲ್ಲಷ್ಟೇ ಇಂಥ ಮನೆಗಳನ್ನು ಮೊದಲು ಸಜ್ಜುಗೊಳಿಸಲು ಬೇರೆ ನಿಧಿ ಇಟ್ಟಿತು. ನಿಮಗೆ ಖರ್ಚಿನ ಬಗ್ಗೆ ಕೋಪ ಬರುವುದಾದರೆ ಇದರ ಮೇಲೆ ಬರಲಿ: ತಪಾಸಣೆಗೆ ಹಣ ಸುರಿದು, ರೋಗ ಕಂಡುಹಿಡಿದು, ಮದ್ದು ಕೊಡದೆ ಎದ್ದುಹೋಗುವುದರ ಮೇಲೆ. ನಿಮ್ಮ ಸುತ್ತಲಿನ ಯಾವುದಾದರೂ ಯೋಜನೆಯಲ್ಲಿ ಹಾಗೆ ಮುಂದೂಡಿದ ಮನೆಗಳೆಷ್ಟು ಎಂದು ವಿಚಾರಿಸಿ ಬರೆಯಿರಿ. ಆ ಪತ್ರವನ್ನೂ ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇನೆ.