ಪೋಕೆಮಾನ್ ಡ್ಯುಯೆಲ್‌ನಲ್ಲಿದ್ದ ನನ್ನ ಗೊಂಬೆಗಳು ಎಲ್ಲಿ ಹೋದ್ವು?

ಪ್ರಶ್ನೆ: ಸರ್, 2017ರಲ್ಲಿ ಎಂಎಸ್ ಮಾಡೋಕೆ ಅಂತ ಅಮೆರಿಕದಲ್ಲಿದ್ದಾಗ ರೂಮ್‌ಮೇಟ್ ಜೊತೆ ಪೋಕೆಮಾನ್ ಡ್ಯುಯೆಲ್ ಅನ್ನೋ ಮೊಬೈಲ್ ಗೇಮ್ ಆಡ್ತಿದ್ದೆ. ದಿನಾ ರಾತ್ರಿ ಕೂತು ಒಂದೊಂದೇ ಗೊಂಬೆ ಸೇರಿಸಿದ್ದೆ, ಸ್ವಲ್ಪ ದುಡ್ಡೂ ಹಾಕಿದ್ದೆ. ಈಗ ಊರಿಗೆ ಬಂದು ಹಳೇ ಫೋನ್ ಚಾರ್ಜಿಗೆ ಹಾಕಿ ನೋಡಿದ್ರೆ ಐಕಾನ್ ಇದೆ, ಒತ್ತಿದ್ರೆ ಒಳಗೆ ಹೋಗ್ತಾ ಇಲ್ಲ. ಮತ್ತೆ ತೆಗೆಯೋ ದಾರಿ ಏನಾದ್ರೂ ಇದ್ಯಾ? ಅಷ್ಟು ಚೆನ್ನಾಗಿದ್ದ ಗೇಮ್ ಯಾಕೆ ನಿಂತೋಯ್ತು?
- ಓದುಗರು, ದಾವಣಗೆರೆ

ಉತ್ತರ: ಬೇಜಾರಾಗುತ್ತೆ, ಆದ್ರೂ ನೇರವಾಗಿ ಹೇಳ್ಬಿಡ್ತೀನಿ, ದಾರಿ ಇಲ್ಲ. 2019ರ ಅಕ್ಟೋಬರ್ 31ಕ್ಕೆ ಆ ಗೇಮ್ ಮುಚ್ಚಿದ್ರು. ನೀವು ಸೇರಿಸಿದ ಗೊಂಬೆಗಳು ನಿಮ್ಮ ಫೋನಲ್ಲಿ ಯಾವತ್ತೂ ಇರ್ಲೇ ಇಲ್ಲ, ಯಾರ ಹತ್ರ ಯಾವ ಗೊಂಬೆ ಇದೆ, ಯಾವ ಲೆವೆಲ್ಲು, ಯಾರು ಗೆದ್ರು ಅನ್ನೋ ಲೆಕ್ಕ ಎಲ್ಲಾ ಕಂಪನಿ ಸರ್ವರಲ್ಲಿತ್ತು, ಫೋನು ಬರೀ ಅದನ್ನ ತೋರಿಸ್ತಿತ್ತು. ಹಾಗಾಗಿ ಐಕಾನ್ ಉಳಿದಿದೆ, ಅದು ಮಾತಾಡ್ಬೇಕಾದ ಸರ್ವರ್ ಇಲ್ಲ. ಯಾರಾದ್ರೂ ಎಪಿಕೆ (ಫೋನಿಗೆ ಆಪ್ ಹಾಕೋ ಫೈಲು) ಕೊಡ್ತೀವಿ, ಹಳೇ ಅಕೌಂಟ್ ವಾಪಸ್ ತಂದುಕೊಡ್ತೀವಿ ಅಂದ್ರೆ ದಯವಿಟ್ಟು ನಂಬ್ಬೇಡಿ, ಪಾಸ್‌ವರ್ಡಂತೂ ಕೊಡ್ಲೇಬೇಡಿ.

ದುಡ್ಡಿನ ವಿಷಯ. ಜಪಾನಲ್ಲಿ ಇದಕ್ಕೆ ಕಾನೂನಿದೆ, ದುಡ್ಡು ಕೊಟ್ಟು ತಗೊಂಡು ಖರ್ಚು ಮಾಡದೇ ಉಳಿದ ಗೇಮ್ ನಾಣ್ಯಕ್ಕೆ ಸೇವೆ ನಿಲ್ಲಿಸೋವಾಗ ಹಣ ವಾಪಸ್ ಕೊಡ್ಬೇಕು, ಅದಕ್ಕೆ ಕಡಿಮೆ ಅಂದ್ರೂ 60 ದಿನ ಟೈಮ್ ಕೊಡ್ಬೇಕು. ಆದ್ರೆ ನೀವು ಆ ದುಡ್ಡಲ್ಲಿ ಆಗ್ಲೇ ಗೊಂಬೆ ತಗೊಂಡಿದ್ರೆ ಅದು ಖರ್ಚಾದ ಹಾಗೆ, ಅದಕ್ಕೇನೂ ಬರಲ್ಲ.

ಯಾಕೆ ನಿಂತಿತು ಅನ್ನೋದಕ್ಕಿಂತ ಮುಂಚೆ ಇದು ಎಲ್ಲಿಂದ ಬಂತು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದ ಮೇಲೆ ನಂಗೆ ಮೊದ್ಲು ನೆನಪಾಗಿದ್ದೇ ಅದು. 2006-07ರ ಹೊತ್ತಲ್ಲಿ ಪೋಕೆಮಾನ್ ಟ್ರೇಡಿಂಗ್ ಫಿಗರ್ ಗೇಮ್ ಅಂತ ನಿಜವಾದ ಆಟಿಕೆ ಇತ್ತು, ಕೈಯಲ್ಲಿ ಹಿಡಿಯೋ ಪುಟ್ಟ ಗೊಂಬೆ, ಕಾಲಡಿ ತಿರುಗೋ ಚಕ್ರ. ಅದು ಹೆಚ್ಚು ದಿನ ಮಾರುಕಟ್ಟೇಲಿ ಉಳೀಲಿಲ್ಲ. ಅದೇ ಐಡಿಯಾನ ಮೊಬೈಲಿಗೆ ತಂದಿದ್ದು ಟೋಕಿಯೋದ ಹೀರೋಜ್ ಅನ್ನೋ ಕಂಪನಿ. ಇವರು ಶೋಗಿ ಅಂದ್ರೆ ಜಪಾನಿ ಚದುರಂಗದ ಆಪ್ ಮಾಡಿ ಹೆಸರಾದವರು, 2017ರಲ್ಲಿ ಶೋಗಿಯ ದೊಡ್ಡ ಪಟ್ಟಗಳಲ್ಲಿ ಒಂದಾದ ಮೇಜಿನ್ ಪಟ್ಟದಲ್ಲಿದ್ದ ಸಾತೋ ಅಮಾಹಿಕೋ ಅವರನ್ನ ಸೋಲಿಸಿದ ಪೊನಾಂಜಾ ಅನ್ನೋ ಪ್ರೋಗ್ರಾಂ ಬರೆದ ಇಂಜಿನಿಯರ್ ಈ ಕಂಪನಿಯಲ್ಲೇ ಇದ್ರು. ಬೋರ್ಡ್ ಆಟದ ಗುಟ್ಟು ಗೊತ್ತಿದ್ದವರ ಕೈಯಲ್ಲಿ ಹುಟ್ಟಿದ ಗೇಮ್ ಇದು, ಆಡುವಾಗ ಅದು ಗೊತ್ತಾಗ್ತಿತ್ತು. ಜಪಾನಲ್ಲಿ 2016ರ ಏಪ್ರಿಲಲ್ಲಿ ಕೋಮಾಸ್ಟರ್ ಅನ್ನೋ ಹೆಸರಲ್ಲಿ ಬಂತು, ಹೊರದೇಶಗಳಿಗೆ 2017ರ ಜನವರೀಲಿ ಡ್ಯುಯೆಲ್ ಅಂತ ಬಂತು. ಅಂದ್ರೆ ನಿಮಗೆ ಸಿಕ್ಕಿದ್ದು ಮೂರು ವರ್ಷಾನೂ ಅಲ್ಲ.

ನಮ್ಮೋರಿಗೆ ಹೇಳ್ಬೇಕು ಅಂದ್ರೆ ಡ್ಯುಯೆಲ್ ಅರ್ಧ ಹುಲಿ-ಕುರಿ ಆಟ, ಅರ್ಧ ಚೌಕಾಬಾರ, ಎದುರಾಳಿ ಕೋಟೆಗೆ ಗೊಂಬೆ ಮುಟ್ಟಿಸಿದವನು ಗೆದ್ದ. ಕುರಿಗಳೆಲ್ಲ ಸೇರಿ ಹುಲೀನ ಕಟ್ಟಿಹಾಕೋ ಹಾಗೇನೇ ಇಲ್ಲೂ ಎದುರಾಳಿ ಗೊಂಬೆಗೆ ಸುತ್ತಲಿನ ಮನೆಗಳನ್ನೆಲ್ಲ ಮುಚ್ಚಿದ್ರೆ ಅದು ಹೋಯ್ತು, ಹೊಡೆದಾಟವೇ ಬೇಡ. ಹೊಡೆದಾಡಿದ್ರೆ ಮಾತ್ರ ಕವಡೆ ಬಿಟ್ಟ ಹಾಗೆ, ಚಕ್ರ ತಿರುಗಿ ಎಲ್ಲಿ ನಿಲ್ಲುತ್ತೋ ಅಲ್ಲಿ. ಆ ಚಕ್ರಾನ ಒಟ್ಟು 96 ಪಾಲು ಮಾಡಿ ಬಣ್ಣ ಹಂಚಿದ್ರು, ಬಲಶಾಲಿ ಗೊಂಬೆಗೂ ಸಾಮಾನ್ಯವಾಗಿ ಒಂದು ಸಣ್ಣ ಕೆಂಪು ಗೆರೆ ಇರ್ತಿತ್ತು, ಕೆಂಪು ಅಂದ್ರೆ ಏಟು ಮಿಸ್ಸು, ಗೆಲ್ಲೋ ಆಟದಲ್ಲಿ ಮುಳ್ಳು ಹೋಗಿ ಆ ಕೆಂಪಿನ ಮೇಲೇ ನಿಂತಾಗ ಹೊಟ್ಟೆ ಉರೀತಿತ್ತಲ್ವಾ? ಅದೃಷ್ಟ ಕೈಕೊಟ್ರೂ ದಾರಿ ಕಟ್ಟಿ ಗೆಲ್ಲಬಹುದಿತ್ತು, ದಾರಿ ತಪ್ಪಿದ್ರೂ ಒಂದು ಚಕ್ರದಲ್ಲಿ ಉಳ್ಕೋಬಹುದಿತ್ತು. ಈ ಎರಡನ್ನ ಇಷ್ಟು ಹದವಾಗಿ ಸೇರಿಸಿದ ಇನ್ನೊಂದು ಮೊಬೈಲ್ ಗೇಮ್ ನಾನಂತೂ ನೋಡಿಲ್ಲ.

ಇನ್ನು ನಿಂತಿದ್ದು. ಇಬ್ಬರು ಒಂದೇ ಹೊತ್ತಲ್ಲಿ ಆನ್‌ಲೈನ್ ಆಡೋದೇ ಇದರ ಮುಖ್ಯ ಆಟ, ಅದಕ್ಕೆ ಜನ ತುಂಬಿರ್ಬೇಕು, ಜನ ಇರ್ಬೇಕು ಅಂದ್ರೆ ತಿಂಗಳು ತಿಂಗಳು ಹೊಸ ಗೊಂಬೆ ಬಿಡ್ತಾ ಇರ್ಬೇಕು, ಹೊಸ ಗೊಂಬೆ ಬಲ ಜಾಸ್ತಿ ಆದಷ್ಟೂ ಹಳೇದು ಮೂಲೆ ಸೇರುತ್ತೆ, ಹೊಸದಾಗಿ ಬಂದವನು ನಾಲ್ಕು ಆಟ ಸೋತು ಎದ್ದು ಹೋಗ್ತಾನೆ. ಈ ಜಾತಿ ಗೇಮ್‌ಗಳನ್ನೆಲ್ಲ ತಿನ್ನೋ ಕಾಯಿಲೆ ಇದು. ಪೋಕೆಮಾನ್ ಹೆಸರಿದ್ರೂ ಉಳಿಸಲ್ಲ, 2019ರ ಮೇನಲ್ಲಿ ಬಂದ ಪೋಕೆಮಾನ್ ರಂಬಲ್ ರಶ್ ಅನ್ನೋ ಇನ್ನೊಂದು ಮೊಬೈಲ್ ಗೇಮು 2020ರ ಜುಲೈಗೇ ಮುಗೀತು.

ಪ್ರಶ್ನೆ: ನನ್ ಮಗ ಆರನೇ ಕ್ಲಾಸು. ಮೊಬೈಲ್ ಗೇಮಲ್ಲಿ ಯಾವುದೋ ರೋಬೋ ಗೊಂಬೆ ಬೇಕು, 800 ರೂಪಾಯಿ ಹಾಕು ಅಂತ ಹಠ ಹಿಡಿದಿದಾನೆ. ಗೇಮು ನಿಂತ್ರೆ ದುಡ್ಡು ಹೋದ ಹಾಗೇನಾ?
- ಗೃಹಿಣಿ, ಹುಬ್ಬಳ್ಳಿ

ಉತ್ತರ: ಹೌದು, ಬಹುತೇಕ ಹಾಗೇ. ಕೊಡೋಕೆ ಮುಂಚೆ ಫೋನಿನ ನೆಟ್ ಆಫ್ ಮಾಡಿ ಗೇಮ್ ತೆಗೀರಿ, ಓಪನ್ ಆಗ್ಲಿಲ್ಲ ಅಂದ್ರೆ ಆ ಗೊಂಬೆ ಬಾಡಿಗೆಗೆ ಸಿಗೋದು ಅಂತ ಮಗನಿಗೆ ತೋರಿಸಿ ಹೇಳಿ. ಎಲ್ಲಾ ಕಂಪನಿಗಳೂ ಕೈಬಿಡ್ತಾರೆ ಅಂತಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೋದವರು ಅನಿಮಲ್ ಕ್ರಾಸಿಂಗ್ ಪಾಕೆಟ್ ಕ್ಯಾಂಪ್ ಅನ್ನೋ ಮೊಬೈಲ್ ಗೇಮನ್ನ 2024ರ ನವೆಂಬರ್ ಕೊನೇಲಿ ನಿಲ್ಲಿಸಿದಾಗ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ಬೇರೆ ಆಪ್ ಬಿಟ್ರು, ಆಟಗಾರರು ಹಳೇ ಸಾಮಾನು ಅದಕ್ಕೆ ಸಾಗಿಸ್ಕೋಬಹುದಿತ್ತು. ಮನಸ್ಸು ಮಾಡಿದ್ರೆ ಆಗುತ್ತೆ, ಎಲ್ಲರೂ ಮಾಡ್ಬೇಕು ಅಂತ ನಾನು ಗಟ್ಟಿಯಾಗೇ ಹೇಳ್ತೀನಿ.

ಪ್ರಶ್ನೆ: ಡ್ಯುಯೆಲ್ ಬಗ್ಗೆ ಹೋದ ಸಂಚಿಕೇಲಿ ನೀವು ಎರಡು ಸಾಲು ಬರೆದಿದ್ರಿ. ಮೊಮ್ಮಕ್ಕಳು ರಜಕ್ಕೆ ಬರ್ತಿದಾರೆ, ಮನೇಲಿ ರಟ್ಟಿನ ಮೇಲೆ ಆಡೋಕೆ ಆಗುತ್ತಾ?
- ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಆಗುತ್ತೆ ಮೇಷ್ಟ್ರೇ, ಚೆನ್ನಾಗೇ ಆಗುತ್ತೆ. ರಟ್ಟಿನ ಮೇಲೆ ಒಂದು ದೊಡ್ಡ ಚೌಕ, ಒಳಗೆ ಒಂದು ಚಿಕ್ಕ ಚೌಕ, ಎರಡಕ್ಕೂ ನಡುವೆ ಗೆರೆ ಎಳೆದು ಗೆರೆ ಕೂಡೋ ಕಡೆ ಚುಕ್ಕಿ ಇಡಿ. ಒಬ್ಬೊಬ್ಬರಿಗೂ ತಮ್ಮ ಕಡೆ ಮಧ್ಯದ ಚುಕ್ಕಿ ಕೋಟೆ, ಎರಡು ಮೂಲೆ ಕಾಯಿ ಒಳಗೆ ಬರೋ ಬಾಗಿಲು. ತಲಾ ಆರು ಬಾಟ್ಲಿ ಮುಚ್ಚಳ, ಸರದಿಗೆ ಒಂದೇ ನಡೆಸ್ಬೇಕು, ಕೆಲವು ಒಂದೇ ಮನೆ ನಡೀತವೆ, ಕೆಲವು ಮೂರು. ಎದುರಾಳಿ ಕೋಟೆಗೆ ಒಂದು ಮುಚ್ಚಳ ಮುಟ್ಟಿಸಿದವನು ಗೆದ್ದ. ಸತ್ತ ಮುಚ್ಚಳಕ್ಕೆ ಬೋರ್ಡ್ ಪಕ್ಕ ಆಸ್ಪತ್ರೆ ಮಾಡಿ, ಅಲ್ಲಿ ಎರಡೇ ಜಾಗ, ಮೂರನೇದು ಬಂದ್ರೆ ಮೊದಲು ಬಂದಿದ್ದು ಎದ್ದು ಮತ್ತೆ ಆಟಕ್ಕೆ ಬರುತ್ತೆ.

ಹೊಡೆದಾಟದ ಚಕ್ರಕ್ಕೆ ಒಂದು ವೃತ್ತ ಬರೆದು ಬಿಳಿ, ನೇರಳೆ, ಬಂಗಾರ, ನೀಲಿ, ಕೆಂಪು ಅಂತ ಪಾಲು ಮಾಡಿ. ಬಿಳಿ, ಬಂಗಾರಕ್ಕೆ ಅಂಕಿ ಬರೀರಿ, ಅವು ಎದುರಾದ್ರೆ ಅಂಕಿ ದೊಡ್ಡದು ಗೆಲ್ಲುತ್ತೆ. ನೇರಳೆ ಬಿಳೀನ ಹೊಡೆಯುತ್ತೆ, ಬಂಗಾರ ನೇರಳೇನ ಹೊಡೆಯುತ್ತೆ, ನೀಲಿ ಬಂದ್ರೆ ಯಾರ ಏಟೂ ತಗಲಲ್ಲ, ಕೆಂಪು ಬಂದ್ರೆ ಮಿಸ್ಸು. ಮುಳ್ಳಿಗೆ ಏನೂ ಕೊಳ್ಳೋದು ಬೇಡ, ಜೆಮ್ ಕ್ಲಿಪ್ಪನ್ನ ವೃತ್ತದ ನಡುವೆ ಇಟ್ಟು ಅದರೊಳಗೆ ಪೆನ್ಸಿಲ್ ಮೊನೆ ಊರಿ ಹಿಡ್ಕೊಂಡು ಬೆರಳಲ್ಲಿ ಚಿಮ್ಮಿಸಿ, ಗರಗರ ತಿರುಗುತ್ತೆ. ಪೆನ್ಸಿಲ್ ನೆಟ್ಟಗೆ ಹಿಡೀಬೇಕು, ವಾಲಿಸಿದ್ರೆ ಕ್ಲಿಪ್ಪು ಒಂದೇ ಕಡೆ ನಿಲ್ಲುತ್ತೆ, ಮಕ್ಕಳು ಅದನ್ನ ಬೇಗ ಕಂಡುಹಿಡೀತಾರೆ.